ರಿಷಭದಿಂದ ಗಾಂಧಾರದ ದಾರಿ: ಧ್ವನಿಮುದ್ರಿತ ಹಾಡನ್ನು ಬಿಡಿಸಿ ಕೇಳುವ ಬಗೆ

ಹಾಡೊಂದರ ವಿಶ್ಲೇಷಣೆಗೆ ಕುಳಿತಾಗ ನಾವು ಮೊದಲು ಸ್ವರ ಬರೆದುಕೊಳ್ಳುತ್ತೇವೆ. ಬರೆದದ್ದನ್ನು ಹಾರ್ಮೋನಿಯಂನಲ್ಲಿ ನುಡಿಸಿ ನೋಡಿ. ಒಂದು ಸ್ವರವೂ ತಪ್ಪಿರುವುದಿಲ್ಲ, ಆದರೂ ಕೇಳಿದ ಹಾಡು ಅಲ್ಲಿರುವುದಿಲ್ಲ. ರಿಷಭದಿಂದ (ರಿ) ಗಾಂಧಾರಕ್ಕೆ (ಗ) ಗಾಯಕಿ ಹೋದ ದಾರಿ ನಮ್ಮ ಬರಹದಲ್ಲಿ ಬಿಟ್ಟುಹೋಗಿದೆ.

ಆ ದಾರಿ ಹಿಡಿಯಲು ಇಡೀ ಹಾಡು ಬೇಡ, ಒಂದು ಸಾಲು ಸಾಕು. ವೇಗವನ್ನು ಅರ್ಧಕ್ಕೆ ಇಳಿಸಿ. ಹಿಂದೆ ಟೇಪಿನ ವೇಗ ಅರ್ಧವಾದರೆ ಶ್ರುತಿಯೂ ಒಂದು ಸ್ಥಾಯಿ ಕೆಳಗಿಳಿಯುತ್ತಿತ್ತು. ಇಂದಿನ ತಂತ್ರಾಂಶಗಳಲ್ಲಿ ಶ್ರುತಿ ಇದ್ದಲ್ಲೇ ಇರುತ್ತದೆ. ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋದರೆ ಅದು ಜಾರು, ಹಿಂದೂಸ್ತಾನಿಯವರ ಮೀಂಡ್. ಅಕ್ಕಪಕ್ಕದ ಸ್ವರಗಳನ್ನು ಸರ್ರನೆ ಸುತ್ತಿ ಬಂದರೆ ಮುರ್ಕಿ. ನಿಂತ ಸ್ವರವೇ ತೂಗಾಡಿದರೆ ಕಂಪಿತ. ಸಾಲಿನ ಕೊನೆಯ ದೀರ್ಘಾಕ್ಷರವನ್ನಂತೂ ಹತ್ತು ಸಲ ಕೇಳಿ. ಭಾವಗೀತೆಯಲ್ಲಿ ಮಾತಿಗೆ ಅಡ್ಡಿಯಾಗದೆ ಅಲಂಕಾರ ಮಾಡಲು ಅಲ್ಲಿ ಜಾಗವಿರುತ್ತದೆ. ಪಲ್ಲವಿ ಮರಳಿದಾಗ ಅದೇ ಅಕ್ಷರ ಬೇರೆ ಬಗೆಯಲ್ಲಿ ತಿರುಗಿದ್ದರೆ ಎರಡನ್ನೂ ಒಂದರ ಕೆಳಗೊಂದು ಬರೆದುಕೊಳ್ಳಿ. ನನಗೆ ಅತ್ಯಂತ ಪ್ರಿಯವಾದ ಕೆಲಸ ಇದು.

ಉಸಿರನ್ನೂ ಬರೆದುಕೊಳ್ಳಬೇಕು. 1925ರ ಸುಮಾರಿಗೆ ವಿದ್ಯುತ್ ಧ್ವನಿಮುದ್ರಣ ಬರುವವರೆಗೆ ಗಾಯಕರು ಕಹಳೆಯಂಥ ಕೊಳವೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕಿತ್ತು. ಪಿಸುಮಾತು ಗ್ರಾಮಫೋನ್ ತಟ್ಟೆಯ ಮೇಲೆ ಮೂಡುತ್ತಿರಲಿಲ್ಲ. ಮೈಕ್ ಬಂದ ಮೇಲೆ ಮೆಲುದನಿಯೂ ಉಸಿರೂ ಅಲಂಕಾರವಾದವು.

ಇನ್ನು ಧ್ವನಿಮುದ್ರಣದ ಕೊಠಡಿಯಲ್ಲಿ ಸೇರಿಸಿದ್ದು. ಹೆಡ್‌ಫೋನ್ ಹಾಕಿ, ಸಾಲು ಮುಗಿದ ಕ್ಷಣವನ್ನು ಗಮನಿಸಿ. ಗಂಟಲು ನಿಂತ ಮೇಲೂ ದನಿ ಉಳಿದರೆ ಅದು ಗುಂಗು, ಸ್ಟುಡಿಯೋದವರ ಮಾತಿನಲ್ಲಿ ರಿವರ್ಬ್. ಮಾತೇ ಮತ್ತೆ ಬಿಡಿಯಾಗಿ ಕೇಳಿಸಿದರೆ ಪ್ರತಿಧ್ವನಿ. ಒಂದೇ ದನಿ ಎಡಕ್ಕೂ ಬಲಕ್ಕೂ ತುಸು ಬೇರೆಯಾಗಿ ಕೇಳಿಸಿದರೆ ಗಾಯಕಿ ಎರಡು ಸಲ ಹಾಡಿರಬಹುದು, ಯಂತ್ರವೂ ಅದನ್ನು ಇಮ್ಮಡಿಸಿರಬಹುದು. ಎರಡರಲ್ಲೂ ಮುರ್ಕಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದಿದ್ದರೆ ಯಂತ್ರದ ಕೆಲಸವೆಂದೇ ಅನುಮಾನಿಸಿ.

ಅತ್ಯಂತ ಎಚ್ಚರ ಬೇಕಾದದ್ದು ಶ್ರುತಿ ತಿದ್ದುವ ತಂತ್ರಾಂಶದಲ್ಲಿ. ಅಂಥದೊಂದು ತಂತ್ರಾಂಶ ಆಟೋ-ಟ್ಯೂನ್ 1997ರಲ್ಲಿ ಬಂತು. ಮರುವರ್ಷವೇ ಅಮೆರಿಕದ ಗಾಯಕಿ ಶೇರ್ ಅವರ ‘ಬಿಲೀವ್’ ಹಾಡಿನಲ್ಲಿ ಅದು ದನಿಯನ್ನು ಸ್ವರದಿಂದ ಸ್ವರಕ್ಕೆ ಜಿಗಿಸುವುದು ಎಲ್ಲರ ಕಿವಿಗೂ ಬಿತ್ತು. ಅಲ್ಲಿ ಅದು ಬೇಕೆಂದೇ ಮಾಡಿದ ಅಲಂಕಾರ, ಸೊಗಸಾಗಿಯೂ ಇದೆ. ಆದರೆ ಇದೇ ಬಿಗಿಯಲ್ಲಿ ನಮ್ಮ ಜಾರನ್ನು ತಿದ್ದಿದರೆ ದನಿ ಹತ್ತಿರದ ಸ್ವರಸ್ಥಾನಗಳಿಗೆ ಅಂಟಿಕೊಳ್ಳುತ್ತದೆ, ಇಳಿಜಾರು ಮೆಟ್ಟಿಲಾಗುತ್ತದೆ. ಅರ್ಧ ವೇಗದಲ್ಲಿ ಆ ಮೆಟ್ಟಿಲುಗಳು ಒಂದೊಂದಾಗಿ ಕೇಳಿಸುತ್ತವೆ. ಅವನ್ನು ಮುರ್ಕಿ ಎಂದು ಬರೆದುಕೊಳ್ಳಬೇಡಿ.