ಉದ್ದ ಲೋಟದಲ್ಲಿ ಜಾಸ್ತಿ ನೀರು

ಜಯನಗರದ ನನ್ನ ಕ್ಲಿನಿಕ್ಕಿನಲ್ಲಿ ಸ್ಟೆತಸ್ಕೋಪಿನ ಪಕ್ಕದಲ್ಲೇ ಮೂರು ಗಾಜಿನ ಲೋಟಗಳಿರುತ್ತವೆ. ಎರಡು ಒಂದೇ ಅಳತೆಯವು. ಮೂರನೆಯದು ಸಪೂರ, ಉದ್ದ. ಮೊದಲೆರಡಕ್ಕೂ ಸಮನಾಗಿ ನೀರು ಹಾಕಿ, ಒಂದರ ನೀರನ್ನು ಮಗುವಿನ ಕಣ್ಣೆದುರೇ ಉದ್ದ ಲೋಟಕ್ಕೆ ಸುರಿದು, 'ಈಗ ಯಾವುದರಲ್ಲಿ ಜಾಸ್ತಿ ಇದೆ?' ಎಂದು ಕೇಳುತ್ತೇನೆ. ಐದಾರು ವರ್ಷದವರು ಬಹುಮಟ್ಟಿಗೆ ಉದ್ದ ಲೋಟಕ್ಕೇ ಬೆರಳು ತೋರಿಸುತ್ತಾರೆ. ಎಂಟು ವರ್ಷದ ಹುಡುಗಿಯೊಬ್ಬಳು ಮಾತ್ರ ನನ್ನನ್ನು ಕನಿಕರದಿಂದ ನೋಡಿ, 'ಡಾಕ್ಟರ್ ಆಂಟಿ, ನೀವೇ ಸುರಿದಿರಲ್ಲ, ಜಾಸ್ತಿ ಎಲ್ಲಿಂದ ಬರುತ್ತದೆ?' ಎಂದಳು.

ಇದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ತೋರಿಸಿಕೊಟ್ಟ ಪರೀಕ್ಷೆ. ಸುಮಾರು ಏಳರಿಂದ ಹನ್ನೊಂದು ವರ್ಷದೊಳಗೆ, ನಡೆದದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ತಿರುಗಿಸಿ ನೋಡುವುದು ಮಕ್ಕಳಿಗೆ ಬರುತ್ತದೆ. ಕೂಡಿದ್ದನ್ನು ಕಳೆದರೆ ಮೊದಲಿನದೇ ಉಳಿಯುತ್ತದೆ ಎಂಬುದು ಬರೀ ಬಾಯಿಪಾಠವಾಗದೆ ಅರ್ಥವಾಗುವುದೂ ಆಗಲೇ. ಆದರೆ ಲೆಕ್ಕ ಕೈಗೆ ಸಿಗುವಂತಿರಬೇಕು. ಅದಕ್ಕೇ ಹುಣಸೆ ಬೀಜ, ಕವಡೆಗಳ ಬಗ್ಗೆ ನನಗೆ ದುಬಾರಿ ಆ್ಯಪ್‌ಗಳಿಗಿಂತ ಹೆಚ್ಚು ಗೌರವ. ಅಜ್ಜಿಯೊಂದಿಗೆ ಚೌಕಾಬಾರ ಆಡುವ ಆರರ ಮಗು ಸೋಲುವ ಹೊತ್ತಿಗೆ ನಿಯಮವನ್ನೇ ಬದಲಿಸುತ್ತದೆ. ಹತ್ತರ ಮಗು ಅದೇ ನಿಯಮಕ್ಕಾಗಿ ಅಜ್ಜಿಯ ಜೊತೆ ಅರ್ಧ ಗಂಟೆ ಜಗಳವಾಡುತ್ತದೆ. ಆ ಜಗಳವೂ ಬೆಳವಣಿಗೆಯೇ.

ಅಪ್ಪ ಅಮ್ಮಂದಿರ ದೂರು ಬೇರೆ: 'ಪಕ್ಕದ ಮನೆಯ ಹುಡುಗ ಸರಸರನೆ ಓದುತ್ತಾನೆ, ನಮ್ಮವನು ತಡವರಿಸುತ್ತಾನೆ.' ನಾನು ಮೊದಲು ಕೇಳುವುದು ಇಬ್ಬರ ಹುಟ್ಟಿದ ತಿಂಗಳನ್ನು. ಒಂದೇ ತರಗತಿಯ ಇಬ್ಬರ ನಡುವೆ ಹನ್ನೊಂದು ತಿಂಗಳ ಅಂತರವಿರಬಹುದು. ಆರು ವರ್ಷದವನಿಗೆ ಅದು ಬದುಕಿದ ಕಾಲದ ಹೆಚ್ಚುಕಡಿಮೆ ಆರನೇ ಒಂದು ಪಾಲು. ಮೇಲಾಗಿ ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ದ, ಧ, ಥ ಮೂರಕ್ಕೂ ಇರುವ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ. ಒಂದನೇ ತರಗತಿಯಲ್ಲಿ ಅವು ಅದಲುಬದಲಾದರೆ ಗಾಬರಿ ಬೇಡ.

ದೇಹದ ಲೆಕ್ಕ ಇಷ್ಟು ಗೋಜಲಲ್ಲ. ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 5–6 ಸೆಂ.ಮೀ. ಎತ್ತರ, 2–3 ಕಿಲೋ ತೂಕ ಏರುತ್ತದೆ. ಆರರ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಸದ್ದಿಲ್ಲದೆ ಒಂದು ದವಡೆ ಹಲ್ಲು ಮೂಡುತ್ತದೆ. 'ಹುಳುಕಾದರೇನಂತೆ, ಬಿದ್ದುಹೋಗುವ ಹಲ್ಲು ತಾನೇ' ಎಂದು ಬಿಟ್ಟವರು ಎಷ್ಟೋ ಮಂದಿ. ಅದು ಕಾಯಂ ಹಲ್ಲು. ಇನ್ನು ಹೆಣ್ಣುಮಕ್ಕಳಲ್ಲಿ ಎಂಟರಿಂದ ಹದಿಮೂರರೊಳಗೆ, ಗಂಡುಮಕ್ಕಳಲ್ಲಿ ಒಂಬತ್ತರಿಂದ ಹದಿನಾಲ್ಕರೊಳಗೆ ಪ್ರಾಯದ ಬದಲಾವಣೆ ಶುರುವಾಗುವುದು ಸಹಜ. ಅದಕ್ಕೂ ಮುಂಚೆ ಕಂಡರೆ ವೈದ್ಯರಿಗೆ ತೋರಿಸಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಗಿನ ಆರೂಮುಕ್ಕಾಲಿಗೆ ಶಾಲೆಯ ವ್ಯಾನ್ ಬರುವ ಈ ಊರಿನಲ್ಲಿ ಇದನ್ನು ಹೇಳುವಾಗ ನನಗೇ ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ.

ಹಾಗಾದರೆ ಯಾವಾಗ ಕಾಯಬಾರದು? ಎಂಟು ದಾಟಿದರೂ ಅಕ್ಷರ ಮತ್ತು ಉಚ್ಚಾರ ಒಂದಕ್ಕೊಂದು ಹೊಂದದಿದ್ದರೆ, ಬರುತ್ತಿದ್ದ ವಿದ್ಯೆ ಮರೆತುಹೋಗುತ್ತಿದ್ದರೆ, ಮಗು ಶಾಲೆಯ ಹೆಸರೆತ್ತಿದರೆ ನಡುಗಿದರೆ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಮನೋವೈದ್ಯಕೀಯ ವಿಭಾಗವಿದೆ. ಅಲ್ಲಿಗೆ ಹೋಗುವುದೆಂದರೆ ಹುಚ್ಚಿನ ಮಾತಲ್ಲ.

ಆದರೆ ಎಲ್ಲಕ್ಕೂ ಮೊದಲು ಕಣ್ಣು, ಕಿವಿ ಪರೀಕ್ಷೆಯಾಗಲಿ. 'ಮಂದಬುದ್ಧಿ' ಎಂಬ ಹಣೆಪಟ್ಟಿಯೊಂದಿಗೆ ಬಂದ ಮೂರನೇ ತರಗತಿಯ ಹುಡುಗನ ನೋಟ್‌ಬುಕ್ಕನ್ನು ಒಮ್ಮೆ ತಿರುವಿದೆ. ತಪ್ಪುಗಳೆಲ್ಲ ವಿಚಿತ್ರವಾಗಿದ್ದವು, ಒಂದು ಪುಟದಲ್ಲಿ ತನ್ನ ಹೆಸರಿನ ಬದಲು ಬೇರೊಬ್ಬನ ಹೆಸರನ್ನೇ ಬರೆದುಕೊಂಡಿದ್ದ. ಬೋರ್ಡು ಕಾಣದೆ, ಪಕ್ಕದವನ ಪುಸ್ತಕ ನೋಡಿ ಎಲ್ಲವನ್ನೂ ನಿಷ್ಠೆಯಿಂದ ನಕಲು ಮಾಡಿದ್ದನಷ್ಟೆ. 'ಯಾಕಪ್ಪಾ, ಬೋರ್ಡು ಕಾಣುವುದಿಲ್ಲ ಎಂದು ಮಿಸ್‌ಗೆ ಹೇಳಲಿಲ್ಲ?' ಎಂದರೆ, 'ಅದು ಹಾಗೇ ಇರುವುದಲ್ಲವಾ?' ಎಂದು ನನ್ನನ್ನೇ ಕೇಳಿದ.