ಪದ ಪರಿಚಯ: ಬ್ಯಾಕ್‌ಲಿಂಕ್

ಒಂದು ಬ್ಲಾಗಿನ ಬರಹದಲ್ಲಿ ಇನ್ನೊಂದು ಬ್ಲಾಗಿನ ವಿಳಾಸವನ್ನು ಕ್ಲಿಕ್ ಮಾಡಲು ಬರುವಂತೆ ಕೊಟ್ಟರೆ, ಕೊಟ್ಟವರಿಗೆ ಅದು ಬರೀ ಲಿಂಕ್, ಪಡೆದವರಿಗೆ ಬ್ಯಾಕ್‌ಲಿಂಕ್. ಲಿಂಕಿಗೆ ಕನ್ನಡದ ಬ್ಲಾಗಿಗರು ಮೊದಲಿನಿಂದಲೂ ‘ಕೊಂಡಿ’ ಎನ್ನುತ್ತಾರೆ. ಬ್ಯಾಕ್‌ಲಿಂಕಿಗೆ ‘ಒಳಬರುವ ಕೊಂಡಿ’ ಎಂದರೆ ಸಾಕು, ಅರ್ಥವಾಗುತ್ತದೆ. ಸರಪಳಿಗೂ ಕೊಂಡಿ ಇರುತ್ತದೆ, ಚೇಳಿಗೂ ಇರುತ್ತದೆ. ಈ ಪದದ ವಿಷಯದಲ್ಲಿ ಎರಡೂ ಅರ್ಥವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಒಳಬರುವ ಕೊಂಡಿಗೆ ಬೆಲೆ ಬಂದದ್ದು 1998ರಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ (ಗೂಗಲಿನ ಸ್ಥಾಪಕರು), ಹುಡುಕಿದಾಗ ಯಾವ ಪುಟ ಮೇಲೆ ಬರಬೇಕೆಂದು ಅಳೆಯಲು ರೂಪಿಸಿದ ಪೇಜ್‌ರ‍್ಯಾಂಕ್ ಲೆಕ್ಕದಲ್ಲಿ ಒಂದು ಪುಟದ ತೂಕವನ್ನು ನಿರ್ಧರಿಸುವುದು ಅದಕ್ಕೆ ಕೊಂಡಿ ಕೊಟ್ಟ ಪುಟಗಳ ತೂಕ. ಕೊಡುವ ಪುಟ ತನ್ನ ತೂಕದ 0.85 ಭಾಗವನ್ನು ತನ್ನಲ್ಲಿರುವ ಅಷ್ಟೂ ಕೊಂಡಿಗಳಿಗೆ ಸಮನಾಗಿ ಹಂಚುತ್ತದೆ. ಐದು ಕೊಂಡಿಗಳಿರುವ ಬರಹದಿಂದ ಸಿಗುವ ಪಾಲು ದೊಡ್ಡದು, ಎಂಬತ್ತು ಹೆಸರುಗಳ ‘ನನ್ನ ಮೆಚ್ಚಿನ ಬ್ಲಾಗುಗಳು’ ಪಟ್ಟಿಯಿಂದ ಸಿಗುವುದು ಚಿಟಿಕೆಯಷ್ಟು. ಇಂದಿನ ಗೂಗಲ್ ಇದೊಂದನ್ನೇ ನೋಡುವುದಿಲ್ಲ. ಆದರೂ ಪಕ್ಕದ ಪಟ್ಟಿಯಲ್ಲಿರುವ ಹತ್ತು ಹೆಸರುಗಳಿಗಿಂತ ಬರಹದ ನಡುವೆ, ವಿಷಯಕ್ಕೆ ಹೊಂದಿ ಬಂದ ಒಂದು ಕೊಂಡಿ ಮೇಲು ಎಂಬ ಮಾತಿನ ಬೇರು ಆ ಲೆಕ್ಕದಲ್ಲೇ ಇದೆ.

ಎಲ್ಲ ಕೊಂಡಿಯೂ ಈ ತೂಕ ಸಾಗಿಸುವುದಿಲ್ಲ. ಬ್ಲಾಗುಗಳ ಕಾಮೆಂಟಿನಲ್ಲಿ ಸ್ಪ್ಯಾಮ್ ಹೆಚ್ಚಿದಾಗ, 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಮೂರೂ ‘ನೋಫಾಲೋ’ ಎಂಬ ಗುರುತನ್ನು ಒಪ್ಪಿಕೊಂಡವು. ಕೊಂಡಿಯ ಕೋಡಿನಲ್ಲಿ ಆ ಪದವಿದ್ದರೆ ‘ಇದು ನನ್ನ ಶಿಫಾರಸಲ್ಲ’ ಎಂದರ್ಥ. 2019ರಲ್ಲಿ ಗೂಗಲ್ ಇನ್ನೆರಡು ಗುರುತು ಸೇರಿಸಿತು: ಹಣ ಅಥವಾ ವಸ್ತು ಪಡೆದು ಕೊಟ್ಟದ್ದಕ್ಕೆ ‘ಸ್ಪಾನ್ಸರ್ಡ್’, ಓದುಗರೇ ಕಾಮೆಂಟಿನಲ್ಲಿ ಹಾಕಿದ್ದಕ್ಕೆ ‘ಯುಜಿಸಿ’ (ಯೂಸರ್ ಜನರೇಟೆಡ್ ಕಂಟೆಂಟ್). ಕನ್ನಡ ವಿಕಿಪೀಡಿಯದ ಹೊರಕೊಂಡಿಗಳಿಗೆಲ್ಲ ನೋಫಾಲೋ ಇದೆ. ವಾಟ್ಸಾಪ್ ಗುಂಪಿನಲ್ಲಿ ಹರಿದಾಡುವ ಕೊಂಡಿ ಸರ್ಚ್ ಎಂಜಿನ್ನಿನ ಕಣ್ಣಿಗೇ ಬೀಳುವುದಿಲ್ಲ. ಅವು ಓದುಗರನ್ನು ತರುತ್ತವೆ, ಅದು ಸಣ್ಣ ಲಾಭವಲ್ಲ. ಆದರೆ ಬ್ಯಾಕ್‌ಲಿಂಕ್ ಲೆಕ್ಕಕ್ಕೆ ಅವನ್ನು ಸೇರಿಸಿಕೊಂಡು ಕೂರಬೇಡಿ.

ಮುಯ್ಯಿ ಲೆಕ್ಕ ಮತ್ತು ಬಳಕೆಯ ಸಂಬಂಧ

ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವ ಪುಸ್ತಕ ಇರುತ್ತದಲ್ಲ, ಯಾರು ಎಷ್ಟು ಹಾಕಿದರೋ ಅಷ್ಟನ್ನು ಅವರ ಮನೆಯ ಕಾರ್ಯದಲ್ಲಿ ಹಿಂದಿರುಗಿಸಲು? ‘ನೀವು ನನಗೊಂದು ಕೊಂಡಿ ಕೊಡಿ, ನಾನು ನಿಮಗೊಂದು ಕೊಡುತ್ತೇನೆ’ ಎನ್ನುವ ವ್ಯವಹಾರ ಅದೇ. ಗೂಗಲಿನ ಸ್ಪ್ಯಾಮ್ ನೀತಿ ಇದನ್ನು ಹೆಸರಿಸಿಯೇ ನಿಷೇಧಿಸುತ್ತದೆ, ಆದರೆ ‘ಅತಿಯಾದ’ ಎಂಬ ವಿಶೇಷಣ ಸೇರಿಸಿ. ಒಂದೇ ವಿಷಯದ ಮೇಲೆ ಬರೆಯುವ ಇಬ್ಬರು ಆಗಾಗ ಒಬ್ಬರನ್ನೊಬ್ಬರು ಉಲ್ಲೇಖಿಸುವುದು ಸಹಜ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಅಡಿಕೆ ತೋಟದ ಬ್ಲಾಗು, ಮೊಬೈಲ್ ರಿವ್ಯೂ ಬ್ಲಾಗು, ಜಾತಕದ ಬ್ಲಾಗು ಮೂರೂ ಒಂದೇ ವಾರದಲ್ಲಿ ಒಂದಕ್ಕೊಂದು ಕೊಂಡಿ ಕೊಟ್ಟುಕೊಂಡರೆ ಮಾತ್ರ ಅದು ಪುಸ್ತಕ ಇಟ್ಟು ಬರೆದ ಮುಯ್ಯಿ ಎಂಬುದು ಯಂತ್ರಕ್ಕೂ ತಿಳಿಯುತ್ತದೆ.

ಹಾಗಾದರೆ ಬೇರೆ ಬ್ಲಾಗಿಗರ ಸಂಪರ್ಕ ಯಾಕೆ ಬೇಕು? ಉತ್ತರ ಸರಳ: ನಿಮ್ಮ ಪುಟ ಇದೆ ಎಂದೇ ಗೊತ್ತಿಲ್ಲದವರು ಅದಕ್ಕೆ ಕೊಂಡಿ ಕೊಡಲಾರರು. ಸಂಪರ್ಕದ ಕೆಲಸ ‘ಹೀಗೊಂದು ಪುಟ ಇದೆ’ ಎಂದು ತಿಳಿಸುವವರೆಗೆ. ಕೊಡುವುದು ಬಿಡುವುದು ಅವರ ಓದುಗರಿಗೆ ಅದು ಬೇಕೇ ಬೇಡವೇ ಎಂಬುದರ ಮೇಲೆ.

ಆದ್ದರಿಂದ ಮೊದಲು ಬೇಕಾದದ್ದು, ಇನ್ನೊಬ್ಬರು ಮತ್ತೆ ಬರೆಯುವ ಬದಲು ನಿಮ್ಮತ್ತ ಕೈತೋರಿಸಿ ಮುಂದೆ ಹೋಗುವಂಥ ಒಂದು ಪುಟ. ಉದಾಹರಣೆಗೆ, ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ. ‘ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕು’ ಎಂದು ಎಲ್ಲರೂ ಒಂದು ಸಾಲು ಬರೆಯುತ್ತಾರೆ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಇಷ್ಟನ್ನೂ ಚಿತ್ರಗಳೊಂದಿಗೆ, 20 ಲೀಟರಿನಿಂದ 200 ಲೀಟರಿನವರೆಗಿನ ಕೋಷ್ಟಕದೊಂದಿಗೆ ಒಂದೇ ಪುಟದಲ್ಲಿ ಕೊಟ್ಟರೆ ಅಡಿಕೆಯ ಬಗ್ಗೆ ಬರೆಯುವ ಉಳಿದವರು ಅದನ್ನು ತೋರಿಸಿ ಮುಂದೆ ಸಾಗಬಹುದು. ‘ನನ್ನ ಬ್ಲಾಗಿಗೊಮ್ಮೆ ಬನ್ನಿ’ ಎಂಬ ಕರೆಗೆ ಆ ಬಲವಿಲ್ಲ.

ಹುಡುಕುವುದು, ಬರೆಯುವುದು

ಗೂಗಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ಸೇರಿಸಿ, ಆಮೇಲೆ ಕನ್ನಡದಲ್ಲಿ ‘ಅಡಿಕೆ ಕೊಳೆರೋಗ’ ಎಂದು ಹಾಕಿದರೆ ಗೂಗಲಿನ ಬ್ಲಾಗ್ ಸೇವೆಯಾದ ಬ್ಲಾಗರ್‌ನ ತಾಣಗಳಷ್ಟೇ ಬರುತ್ತವೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ಗೂ ಹೀಗೇ ಮಾಡಿ. ಸಿಕ್ಕ ಬ್ಲಾಗುಗಳ ಪಕ್ಕದ ಪಟ್ಟಿಯಲ್ಲಿ ಇನ್ನಷ್ಟು ಸಿಗುತ್ತವೆ. ಇಪ್ಪತ್ತು ಹೆಸರಾದರೆ ನಿಲ್ಲಿಸಿ. ಪ್ರತಿಯೊಂದರಲ್ಲೂ ಮೂರು ಸಂಗತಿ ನೋಡಿ: ಕೊನೆಯ ಬರಹ ಆರು ತಿಂಗಳೊಳಗಿನದೇ, ಬರಹದೊಳಗೆ ಬೇರೆಯವರಿಗೆ ಕೊಂಡಿ ಕೊಡುವ ರೂಢಿ ಇದೆಯೇ, ಜೂಜಿನ ತಾಣಗಳಿಗೋ ಸಾಲದ ಆ್ಯಪ್‌ಗಳಿಗೋ ಸಂಬಂಧವಿಲ್ಲದೆ ಕೊಂಡಿ ಇದೆಯೇ. ಮೂರನೆಯದಕ್ಕೆ ‘ಹೌದು’ ಎಂದಾದರೆ ಆ ಬ್ಲಾಗು ಕೊಂಡಿ ಮಾರುತ್ತಿರುವ ಸಾಧ್ಯತೆಯೇ ಹೆಚ್ಚು, ಅಲ್ಲಿಂದ ಬಂದದ್ದು ಚೇಳಿನದ್ದು.

ಎರಡು ಮೂರು ವಾರ ಅವರ ಬರಹ ಓದಿ ಕಾಮೆಂಟ್ ಹಾಕಿ, ನಿಮ್ಮ ವಿಳಾಸ ಅಂಟಿಸದೆ. ನಿಮ್ಮ ಬರಹದಲ್ಲಿ ಜಾಗ ಬಂದಾಗ ನೀವೇ ಮೊದಲು ಕೊಂಡಿ ಕೊಡಿ, ಅದನ್ನು ಹೇಳಿಕೊಂಡು ತಿರುಗಬೇಡಿ. ಅಲ್ಲಿಂದ ಓದುಗರು ಬರಲು ಶುರುವಾದರೆ ಬ್ಲಾಗಿನ ಅಂಕಿಅಂಶ ಪುಟದಲ್ಲಿ ಅವರಿಗೆ ತಾನಾಗಿ ಕಾಣುತ್ತದೆ. ಆಮೇಲೆ ಇಮೇಲ್. ಅದು ಮೊಬೈಲ್ ಪರದೆಯಲ್ಲಿ ಒಂದೇ ನೋಟಕ್ಕೆ ಮುಗಿಯಬೇಕು:

‘ನಮಸ್ಕಾರ ಸರ್. ಕೊಳೆರೋಗದ ಬಗ್ಗೆ ಜೂನ್‌ನಲ್ಲಿ ನೀವು ಬರೆದ ಲೇಖನ ಓದಿದೆ. ಮೂರನೇ ಪ್ಯಾರಾದಲ್ಲಿ ಬೋರ್ಡೋ ತಯಾರಿಸುವ ವಿಧಾನಕ್ಕೆ ಕೊಟ್ಟಿರುವ ಕೊಂಡಿ ಈಗ ತೆರೆಯುತ್ತಿಲ್ಲ. ಅದೇ ವಿಷಯದ ಮೇಲೆ ನಾನೊಂದು ಪುಟ ಮಾಡಿದ್ದೇನೆ, ಅಳತೆಯ ಕೋಷ್ಟಕವೂ ಇದೆ. ವಿಳಾಸ ಕೆಳಗಿದೆ. ಉಪಯೋಗ ಅನ್ನಿಸಿದರೆ ಬಳಸಿಕೊಳ್ಳಿ. ಇಲ್ಲದಿದ್ದರೂ ಆ ಸತ್ತ ಕೊಂಡಿಯನ್ನು ತೆಗೆದರೆ ಓದುಗರಿಗೆ ಅನುಕೂಲ.’

ಯಾವ ಲೇಖನ, ಯಾವ ಪ್ಯಾರಾ ಎಂಬುದಿದ್ದರೆ ಇದು ಇನ್ನೂರು ಜನರಿಗೆ ಒಟ್ಟಿಗೆ ಕಳಿಸಿದ ಪತ್ರವಲ್ಲ ಎಂದು ಗೊತ್ತಾಗುತ್ತದೆ. ಹತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ. ಮೂರನೇ ಪತ್ರ ಹೋದರೆ ಸಂಬಂಧವೂ ಹೋಗುತ್ತದೆ.

ಸತ್ತ ಕೊಂಡಿಗಳ ಗಣಿ

ಕನ್ನಡ ಬ್ಲಾಗುಗಳಲ್ಲಿ ಸತ್ತ ಕೊಂಡಿಗಳಿಗೆ ಬರವಿಲ್ಲ, ಅದಕ್ಕೊಂದು ವಿಶೇಷ ಕಾರಣವೂ ಇದೆ. 2012ರಿಂದ 2018ರವರೆಗೆ ಗೂಗಲ್ ಭಾರತದ ಓದುಗರನ್ನು ಬ್ಲಾಗ್‌ಸ್ಪಾಟ್ ಡಾಟ್ ಕಾಮ್‌ನಿಂದ ಬ್ಲಾಗ್‌ಸ್ಪಾಟ್ ಡಾಟ್ ಇನ್‌ಗೆ ಕಳಿಸುತ್ತಿತ್ತು. ಆ ವರ್ಷಗಳಲ್ಲಿ ಅಡ್ರೆಸ್ ಬಾರ್‌ನಿಂದ ವಿಳಾಸ ಕಾಪಿ ಮಾಡಿ ಗೆಳೆಯರಿಗೆ ಕೊಂಡಿ ಕೊಟ್ಟವರೆಲ್ಲ ತಿಳಿಯದೆಯೇ ‘ಡಾಟ್ ಇನ್’ ವಿಳಾಸ ಅಂಟಿಸಿದರು. 2020ರಲ್ಲಿ ಆ ಹೆಸರು ಗೂಗಲಿನ ಕೈತಪ್ಪಿತು, ಕೊಂಡಿಗಳು ಕೆಟ್ಟವು. ಬ್ಲಾಗುಗಳು ಮಾತ್ರ ‘ಡಾಟ್ ಕಾಮ್’ನಲ್ಲಿ ಹಾಗೇ ಇವೆ.

ಹಳೆಯ ಬ್ಲಾಗಿಗರಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ನಿಮ್ಮ ಬ್ಲಾಗಿನ ‘ಡಾಟ್ ಇನ್’ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಆ ಕಾಲದಲ್ಲಿ ನಿಮ್ಮನ್ನು ಓದುತ್ತಿದ್ದವರ ಬ್ಲಾಗುಗಳನ್ನೂ ತೆರೆದು ನೋಡಿ. ಸಿಕ್ಕಲ್ಲೆಲ್ಲ ‘ಇನ್ ಬದಲು ಕಾಮ್ ಮಾಡಿಬಿಡಿ’ ಎಂದು ಎರಡು ಸಾಲು ಬರೆಯಿರಿ. ಹೊಸದಾಗಿ ಏನನ್ನೂ ಕೇಳಬೇಕಿಲ್ಲ, ಅವರು ಎಂದೋ ಕೊಟ್ಟದ್ದು ಮತ್ತೆ ಜೀವ ಪಡೆಯುತ್ತದೆ. ನಿಮ್ಮ ಬ್ಲಾಗಿನಲ್ಲೂ ಇಂಥವು ಇರುತ್ತವೆ, ಅವನ್ನು ಮೊದಲು ಸರಿಪಡಿಸಿ. ಬೇರೆಯವರ ಪುಟ ಪೂರ್ತಿ ಅಳಿದಿದ್ದರೆ ಅದರಲ್ಲಿ ಏನಿತ್ತೆಂದು, ಹಳೆಯ ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ನೋಡಬಹುದು. ಅದಕ್ಕೆ ಬದಲಿಯಾಗುವಂಥದ್ದು ನಿಮ್ಮಲ್ಲಿ ಇದ್ದರೆ ಮಾತ್ರ ಇಮೇಲ್ ಮಾಡಿ.

ವಿಳಾಸ ಮತ್ತು ಕೊಂಡಿಯ ಪದಗಳು

ಕನ್ನಡದ ವಿಳಾಸಗಳಿಗೆ ಇನ್ನೊಂದು ಪೀಡೆ. ವೆಬ್ ವಿಳಾಸದೊಳಗೆ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಶೇಕಡಾ ಚಿಹ್ನೆ ತುಂಬಿದ ಒಂಬತ್ತು ಇಂಗ್ಲಿಷ್ ಅಕ್ಷರ–ಅಂಕಿಗಳಾಗಿ ಹಿಗ್ಗುತ್ತದೆ. ‘ದ್ರಾ’ ನಮಗೆ ಒಂದು ಅಕ್ಷರ, ಯಂತ್ರಕ್ಕೆ ದ, ವಿರಾಮ, ರ, ಆಕಾರದ ಗುರುತು ಎಂದು ನಾಲ್ಕು, ಅಂದರೆ 36. ವರ್ಡ್‌ಪ್ರೆಸ್ ವಿಳಾಸದ ಕೊನೆಯ ತುಂಡಿಗೆ 200ರ ಮಿತಿ ಹಾಕುವುದರಿಂದ ಇಪ್ಪತ್ತೆರಡು ಸಂಕೇತಗಳಿಗೇ ಶೀರ್ಷಿಕೆ ಕತ್ತರಿಸಿಹೋಗುತ್ತದೆ. ಬ್ಲಾಗರ್‌ನದು ಬೇರೆ ಕಥೆ, ಪೂರ್ತಿ ಕನ್ನಡದ ಶೀರ್ಷಿಕೆಯನ್ನು ಅದು ಬದಿಗಿಟ್ಟು ‘ಬ್ಲಾಗ್ ಪೋಸ್ಟ್’ ಎಂಬ ಅರ್ಥವಿಲ್ಲದ ಹೆಸರಿಗೆ ಅಂಕಿ ಸೇರಿಸಿ ವಿಳಾಸ ಮಾಡುತ್ತದೆ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ (ಬರಹದ ಕಾಯಂ ವಿಳಾಸ) ಜಾಗದಲ್ಲಿ ‘ಬೋರ್ಡೋ ದ್ರಾವಣ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಅಡ್ಡಗೆರೆ ಹಾಕಿ ಬರೆದರೆ ಕೊಂಡಿ ಕೊಡುವವರಿಗೆ ಕಾಪಿ ಮಾಡಲು ಸುಲಭ, ಇಮೇಲಿನಲ್ಲಿ ಅರ್ಧಕ್ಕೆ ತುಂಡಾಗುವುದೂ ಇಲ್ಲ. ಪ್ರಕಟವಾದ ಮೇಲೆ ವಿಳಾಸ ಬದಲಿಸಿದರೆ, ಹಳೆಯದರಿಂದ ಹೊಸದಕ್ಕೆ ತಾನಾಗಿ ಕಳಿಸುವ 301 ಮರುನಿರ್ದೇಶನ ಇಡದ ಹೊರತು, ಬಂದ ಕೊಂಡಿಗಳೆಲ್ಲ ಸಾಯುತ್ತವೆ.

ಕ್ಲಿಕ್ ಮಾಡುವ ಪದಗಳಿಗೆ ಆ್ಯಂಕರ್ ಎನ್ನುತ್ತಾರೆ. ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಆ್ಯಂಕರ್ ಸರ್ಚ್ ಎಂಜಿನ್ನಿಗೆ ಏನನ್ನೂ ಹೇಳುವುದಿಲ್ಲ. ಹಾಗೆಂದು ‘ದಯವಿಟ್ಟು ಇದೇ ಪದಗಳಲ್ಲಿ ಕೊಡಿ’ ಎಂದು ನೀವು ಪಟ್ಟು ಹಿಡಿಯುವುದು ಅದಕ್ಕಿಂತ ದೊಡ್ಡ ತಪ್ಪು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳೇ ವೈವಿಧ್ಯ ತರುತ್ತವೆ: ಒಬ್ಬರು ‘ಬೋರ್ಡೋ ದ್ರಾವಣದ ಅಳತೆ’ ಎಂದರೆ ಇನ್ನೊಬ್ಬರು ‘ಮೈಲುತುತ್ತವನ್ನು ಎಷ್ಟು ಹಾಕಬೇಕು’ ಎನ್ನುತ್ತಾರೆ. ಹದಿನೈದು ಬ್ಲಾಗುಗಳಲ್ಲಿ ಅಕ್ಷರ ಬಿಡದೆ ಒಂದೇ ಪದಗುಚ್ಛ ಇದ್ದರೆ ಅದು ಒಬ್ಬರೇ ಹೇಳಿ ಬರೆಸಿದ್ದು ಎಂಬ ಗುಮಾನಿ ಬಾರದೆ ಇರದು.

ಅತಿಥಿ ಬರಹದ ವಿಷಯ ಚಿಕ್ಕದು. ಬೇರೆಯವರ ಬ್ಲಾಗಿಗೆ ಬರೆಯುವಾಗ ಲೇಖಕರ ಪರಿಚಯದಲ್ಲಿ ಒಂದು ಕೊಂಡಿ, ತೀರಾ ಬೇಕಾದರೆ ಬರಹದೊಳಗೆ ಇನ್ನೊಂದು. ಒಂದೇ ಬರಹವನ್ನು ಐದು ಕಡೆ ಕಳಿಸಬೇಡಿ. ಕೊಂಡಿಗಾಗಿಯೇ ಬರೆದ ಅತಿಥಿ ಲೇಖನಗಳ ಕಾಲ ಮುಗಿಯಿತು ಎಂದು ಆಗ ಗೂಗಲಿನ ಸ್ಪ್ಯಾಮ್ ತಡೆ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ 2014ರಲ್ಲೇ ಬಹಿರಂಗವಾಗಿ ಬರೆದಿದ್ದರು.

ಕುಟುಕುವ ಕೊಂಡಿ

2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದಾಗ ಕೊಂಡಿ ಕೊಂಡುಕೊಂಡ ತಾಣಗಳು ಫಲಿತಾಂಶದಲ್ಲಿ ಕೆಳಗೆ ಜಾರಿದವು. 2016ರಿಂದ ನಡೆ ಸ್ವಲ್ಪ ಮೆದುವಾಗಿದೆ: ಕೃತಕ ಕೊಂಡಿಗೆ ಸಾಮಾನ್ಯವಾಗಿ ಶಿಕ್ಷೆಯಿಲ್ಲ, ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಟ್ಟ ದುಡ್ಡು ನೀರಿಗೆ ಹೋಯಿತು, ಅಷ್ಟೇ. ಆದರೆ ವ್ಯವಸ್ಥಿತ ವ್ಯಾಪಾರ ಕಂಡರೆ ಮನುಷ್ಯರೇ ಪರಿಶೀಲಿಸಿ ‘ಮ್ಯಾನುಯಲ್ ಆ್ಯಕ್ಷನ್’ ಎಂಬ ದಂಡನೆ ಹಾಕುವುದು ಇಂದಿಗೂ ಇದೆ. ಅದು, ತಾಣ ನಡೆಸುವವರಿಗೆ ಗೂಗಲ್ ಕೊಡುವ ಉಚಿತ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ನೋಟಿಸಾಗಿ ಬರುತ್ತದೆ. ಪುಕ್ಕಟೆ ಪುಸ್ತಕವೋ ಬೀಜದ ಪ್ಯಾಕೆಟ್ಟೋ ಪಡೆದು ವಿಮರ್ಶೆ ಬರೆದು ಕೊಟ್ಟ ಕೊಂಡಿಯೂ ವ್ಯಾಪಾರವೇ, ಅದಕ್ಕೆ ಸ್ಪಾನ್ಸರ್ಡ್ ಗುರುತು ಹಾಕಬೇಕು. ಬಹಳ ಬ್ಲಾಗಿಗರಿಗೆ ಇದು ತಿಳಿದಿಲ್ಲ.

ಬಂದ ಕೊಂಡಿಗಳನ್ನು ನೋಡಲು ಹಣ ಕೊಟ್ಟು ಸಾಧನ ಕೊಳ್ಳಬೇಕಿಲ್ಲ. ಸರ್ಚ್ ಕನ್ಸೋಲ್‌ನ ‘ಲಿಂಕ್ಸ್’ ವರದಿಯಲ್ಲಿ ಯಾವ ತಾಣದಿಂದ ಯಾವ ಪುಟಕ್ಕೆ, ಯಾವ ಪದಗಳಲ್ಲಿ ಎಂಬುದು ಉಚಿತವಾಗಿ ಸಿಗುತ್ತದೆ. ಹೊಸದು ಅಲ್ಲಿ ಕಾಣಿಸಿಕೊಳ್ಳಲು ವಾರಗಳೇ ಹಿಡಿಯಬಹುದು, ತಿಂಗಳಿಗೊಮ್ಮೆ ನೋಡಿದರೆ ಸಾಕು. ಗುರುತೇ ಇಲ್ಲದ ವಿದೇಶಿ ತಾಣಗಳ ಹೆಸರು ಕಂಡು ಗಾಬರಿಯಾಗಿ, ‘ಈ ಕೊಂಡಿ ಲೆಕ್ಕಕ್ಕೆ ಬೇಡ’ ಎಂದು ಗೂಗಲಿಗೆ ತಿಳಿಸುವ ‘ಡಿಸ್‌ಅವೋ’ ಸಾಧನದಲ್ಲಿ ಪಟ್ಟಿ ತುಂಬಿಸುವವರಿದ್ದಾರೆ. ಅದು ಇರುವುದು ನೋಟಿಸ್ ಬಂದವರಿಗೆ, ಇಲ್ಲವೇ ತಾವೇ ಹಿಂದೆ ಕೊಂಡಿ ಕೊಂಡು ಅಂಥ ನೋಟಿಸಿನ ನಿರೀಕ್ಷೆಯಲ್ಲಿರುವವರಿಗೆ. ಉಳಿದವರು ಅದನ್ನು ಮುಟ್ಟಿದರೆ ಒಳ್ಳೆಯ ಕೊಂಡಿಯನ್ನೂ ತಾವೇ ಕಡಿದುಕೊಳ್ಳುವ ಅಪಾಯವಿದೆ.