ಟೈಪ್ ಎ ಆದವರಿಗೆಲ್ಲ ಹಾರ್ಟ್ ಅಟ್ಯಾಕ್ ಗ್ಯಾರಂಟಿಯೇ?

ಪ್ರಶ್ನೆ: ನನ್ನದು ಪಕ್ಕಾ ಟೈಪ್ ಎ ಸ್ವಭಾವ. ಗುರಿ, ಪ್ರಮೋಷನ್ ಬಿಟ್ಟರೆ ಬೇರೆ ಯೋಚನೆಯೇ ಇಲ್ಲ. ನನ್ನಂಥವರ ಹೃದಯ ಬೇಗ ಕೈಕೊಡುತ್ತದೆ ಅಂತಾರೆ, ನಿಜವೇ?

ಉತ್ತರ: ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಟೈಪ್ ಎ ಅಂದರೆ ಸದಾ ಆತುರ, ಪೈಪೋಟಿ, ಸಿಡುಕು ತುಂಬಿದ ಸ್ವಭಾವ. 1950ರ ದಶಕದಲ್ಲಿ ಈ ಮಾತು ಹುಟ್ಟುಹಾಕಿದವರು ಸ್ಯಾನ್ ಫ್ರಾನ್ಸಿಸ್ಕೋದ ಹೃದ್ರೋಗ ತಜ್ಞರಾದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್. ಅವರ ಪರೀಕ್ಷೆ ಮಜವಾಗಿತ್ತು. ಸಂದರ್ಶಕರು ಬೇಕೆಂದೇ ಎಳೆದೆಳೆದು, ತಡವರಿಸುತ್ತ ಪ್ರಶ್ನೆ ಕೇಳುತ್ತಿದ್ದರು. ತಾಳ್ಮೆಗೆಟ್ಟು ನಡುವೆ ಬಾಯಿ ಹಾಕಿದವರು ಟೈಪ್ ಎ ಕಡೆಗೆ ವಾಲುತ್ತಿದ್ದರು. ಗಮನಿಸಿ: ಅಳೆದದ್ದು ಆತುರ, ಪೈಪೋಟಿ, ಸಿಡುಕು. ಯಾರು ಎಷ್ಟು ಮೇಲೇರಿದ್ದಾರೆ ಎಂಬುದನ್ನಲ್ಲ. ಸದಾ ಧಾವಂತದಲ್ಲಿದ್ದೂ ಎಲ್ಲಿಗೂ ತಲುಪದವರು ಬೇಕಾದಷ್ಟು ಜನರಿದ್ದಾರೆ.

ಈಗ ಹೃದಯದ ವಿಚಾರ. ಕ್ಯಾಲಿಫೋರ್ನಿಯಾದಲ್ಲಿ 39ರಿಂದ 59 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಎಂಟೂವರೆ ವರ್ಷ ಗಮನಿಸಿದಾಗ, ಟೈಪ್ ಎ ಜನರಲ್ಲಿ ಹೃದ್ರೋಗ ಸುಮಾರು ಎರಡು ಪಟ್ಟು ಕಂಡಿತು. ಎಲ್ಲರೂ ನೆನಪಿಟ್ಟುಕೊಂಡದ್ದು ಇಷ್ಟನ್ನೇ. ಮುಂದಿನದನ್ನು ಯಾರೂ ಓದುವುದಿಲ್ಲ! ಅದೇ ಅಧ್ಯಯನದಲ್ಲಿ ಹೃದ್ರೋಗಕ್ಕೆ ತುತ್ತಾಗಿ ಬದುಕುಳಿದವರ ಲೆಕ್ಕ 1988ರಲ್ಲಿ ಪ್ರಕಟವಾಯಿತು. ಅವರ ಪೈಕಿ ಹೃದ್ರೋಗದಿಂದ ಸತ್ತವರ ಪ್ರಮಾಣ ಟೈಪ್ ಎ ಜನರಲ್ಲೇ ಕಡಿಮೆಯಿತ್ತು. ಬೇರೆ ದೊಡ್ಡ ಅಧ್ಯಯನಗಳಲ್ಲೂ ಮೊದಲಿನ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ. ಜರಡಿ ಹಿಡಿದಾಗ ಕೊನೆಗೆ ಉಳಿದದ್ದು ಹಗೆತನ ಮತ್ತು ಕೋಪ, ಅದರ ನಂಟೂ ತೀರಾ ಬಲವಾದದ್ದಲ್ಲ. ದುಡಿಮೆಯ ಹಂಬಲ ತಪ್ಪಿತಸ್ಥರ ಪಟ್ಟಿಯಲ್ಲೇ ಇಲ್ಲ.

ಹಾಗಿದ್ದೂ ಈ ನಂಬಿಕೆ ಸಾಯಲಿಲ್ಲ ಏಕೆ? ಟೈಪ್ ಎ ಸಂಶೋಧನೆಗೆ ತಂಬಾಕು ಕಂಪನಿಗಳು ವರ್ಷಗಟ್ಟಲೆ ಹಣ ಸುರಿದಿದ್ದವು. ಹೃದಯ ಕೆಡಲು ಸ್ವಭಾವವೇ ಕಾರಣ ಎಂದಾದರೆ ಸಿಗರೇಟಿನ ಮೇಲಿನ ಆರೋಪ ಹಗುರವಾಗುತ್ತದಲ್ಲ! ನಿಮ್ಮ ಪ್ರಮೋಷನ್ ಚಿಂತೆ ಪಕ್ಕಕ್ಕಿಟ್ಟು ಬಿಪಿ, ಕೊಲೆಸ್ಟರಾಲ್, ಸಕ್ಕರೆ ನೋಡಿಸಿಕೊಳ್ಳಿ. ಸೇದುತ್ತಿದ್ದರೆ ಬಿಡಿ.

ಅಂದಹಾಗೆ, ಎ ಗುಂಪಿನ ರಕ್ತದವರೆಲ್ಲ ಟೈಪ್ ಎ ಅಲ್ಲ. ನೀವು ಕೇಳಲಿಲ್ಲ, ಆದರೆ ಇನ್ನೊಬ್ಬರು ಕೇಳಿಯೇ ಕೇಳುತ್ತಾರೆ. ಜಪಾನಿನಲ್ಲಿ ರಕ್ತದ ಗುಂಪು ನೋಡಿ ಗುಣ ಹೇಳುವ ರೂಢಿಯಿದೆ, ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ತಮಾಷೆಯೆಂದರೆ, ಓ ಗುಂಪಿನವರಿಗೆ ಹೋಲಿಸಿದರೆ ಉಳಿದ ಗುಂಪಿನವರಿಗೆ ಹೃದ್ರೋಗದ ಅಪಾಯ ತುಸು ಹೆಚ್ಚು ಎಂಬುದು ನಿಜ. ಅದಕ್ಕೆ ಕಾರಣ ಸ್ವಭಾವವಲ್ಲ. ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳು ಅವರಲ್ಲಿ ಸ್ವಲ್ಪ ಜಾಸ್ತಿ ಇರುವುದೂ ಒಂದು ಕಾರಣವೆನ್ನುತ್ತಾರೆ.